ಸಿಳ್ಳೆ ಹಾಕಿದ ತಪ್ಪಿಗೆ

ಲಾಸ್ ಏಂಜಲೀಸ್‌ನ ‘ಫಾಸ್ಟರ್ ದಿ ಪೀಪಲ್’ ಎಂಬ ಇಂಡೀ ಪಾಪ್ ತಂಡಕ್ಕೆ ಆ ಹೆಸರು ಬಂದದ್ದೇ ಕೇಳುಗರ ಕಿವಿಯ ಕೃಪೆಯಿಂದ. ಗಾಯಕ ಮಾರ್ಕ್ ಫಾಸ್ಟರ್ ಮೊದಲು ಇಟ್ಟಿದ್ದ ಹೆಸರು ‘ಫಾಸ್ಟರ್ ಆ್ಯಂಡ್ ದಿ ಪೀಪಲ್’. ಫಾಸ್ಟರ್ ಮತ್ತು ಜನ ಎಂಬಷ್ಟೇ ಅದರ ಅರ್ಥ. ಕೇಳಿದವರೆಲ್ಲ ನಡುವಿನ ‘ಮತ್ತು’ವನ್ನು ನುಂಗಿಹಾಕಿ ಹೇಳತೊಡಗಿದಾಗ ಅದು ‘ಜನರನ್ನು ಪೊರೆ’ ಎಂಬ ಘನವಾದ ಉಪದೇಶವಾಗಿ ಮಾರ್ಪಟ್ಟಿತು. ಫಾಸ್ಟರ್ ಅವರೂ ಇದೇ ಚೆನ್ನಾಗಿದೆಯಲ್ಲ ಎಂದು ಒಪ್ಪಿಕೊಂಡುಬಿಟ್ಟರು. ಅವರು ಎಚ್ಚೆತ್ತುಕೊಳ್ಳಬೇಕಾಗಿದ್ದ ಗಳಿಗೆ ಅದೇ ಎಂದು ನನ್ನ ಅಭಿಪ್ರಾಯ. ನಾಲ್ಕು ಪದಗಳ ಹೆಸರಿನಲ್ಲಿ ಒಂದು ಪದವನ್ನು ಕೇಳಿಸಿಕೊಳ್ಳದ ಜನ ನಾಲ್ಕು ನಿಮಿಷಗಳ ಹಾಡಿನಲ್ಲಿ ಎಷ್ಟನ್ನು ಕೇಳಿಸಿಕೊಂಡಾರು ಎಂಬ ತ್ರೈರಾಶಿಯ ಲೆಕ್ಕವನ್ನು ಆಗಲೇ ಹಾಕಿ ನೋಡಬೇಕಿತ್ತು.

2010ರಲ್ಲಿ ಈ ಫಾಸ್ಟರ್ ಜಾಹೀರಾತುಗಳಿಗೆ ಜಿಂಗಲ್ ಕಟ್ಟಿಕೊಡುವ ನೌಕರಿಯಲ್ಲಿದ್ದರು. ಸರಕು ಯಾವುದೇ ಇರಲಿ, ರಾಗ ಮಾತ್ರ ಕೇಳಿದವನ ನಾಲಿಗೆಯ ಮೇಲೆ ಕುಳಿತುಬಿಡಬೇಕು, ಸರಕಿನ ಗುಣಾವಗುಣಗಳ ಯೋಚನೆ ಬರುವ ಮುನ್ನವೇ ಕಾಲು ತಾಳ ಹಾಕಬೇಕು ಎಂಬುದು ಆ ಕಸುಬಿನ ಮೂಲಮಂತ್ರ. ಒಂದು ದಿನ ಬರೆಯುವ ಮನಸ್ಸಿರಲಿಲ್ಲ, ಹೊರಗೆ ಹಿತವಾದ ಹವೆಯಿತ್ತು, ಕಡಲತೀರ ಕೂಗಳತೆಯ ದೂರದಲ್ಲಿತ್ತು. ಆದರೂ ಸೋಮಾರಿತನವನ್ನು ಗದರಿಸಿ ಕೂರಿಸಿ ಬರೆಯಲು ತೊಡಗಿದೆ, ಮರುದಿನ ಅದೇ ಹೊತ್ತಿಗೆ ಹಾಡು ಮುಗಿದಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಹಾಡೇ ‘ಪಂಪ್ಡ್ ಅಪ್ ಕಿಕ್ಸ್’. ವಾದ್ಯಗಳನ್ನೆಲ್ಲ ಒಬ್ಬರೇ ನುಡಿಸಿ ಮಾದರಿಗೆಂದು ಮಾಡಿಟ್ಟ ಧ್ವನಿಮುದ್ರಣವೇ ಮೊದಲು ಪುಕ್ಕಟೆಯಾಗಿ ಹಂಚಿಕೆಯಾಗಿ, ಆಮೇಲೆ ಕೊಲಂಬಿಯಾ ರೆಕಾರ್ಡ್ಸ್‌ನ ಕೈಸೇರಿ, 2011ರಲ್ಲಿ ‘ಟಾರ್ಚಸ್’ ಆಲ್ಬಮ್ಮಿನೊಂದಿಗೆ ಲೋಕವಿಖ್ಯಾತವಾಯಿತು. ಆ ದಿನ ಅವರು ಸುಮ್ಮನೆ ಸಮುದ್ರಸ್ನಾನಕ್ಕೆ ಹೋಗಿದ್ದರೆ ಅಮೆರಿಕದ ರೇಡಿಯೋ ನಿಲಯಗಳಿಗೆ ಮುಂದೆ ಎಷ್ಟೋ ಮುಜುಗರ ತಪ್ಪುತ್ತಿತ್ತು.

ಹಾಡಿನೊಳಗಿನ ಸಂಗತಿ ಇಷ್ಟು. ರಾಬರ್ಟ್ ಎಂಬ ಒಂಟಿ ಹುಡುಗನಿದ್ದಾನೆ. ಅಪ್ಪ ದಿನವಿಡೀ ದುಡಿದು ಹೊತ್ತು ಮೀರಿ ಮನೆಗೆ ಬರುತ್ತಾನೆ. ಹುಡುಗನಿಗೆ ಅಪ್ಪನ ಬೀರುವಿನಲ್ಲಿ ಆರು ಗುಂಡಿನ ರಿವಾಲ್ವರ್ ಸಿಗುತ್ತದೆ. ಅಲ್ಲಿಂದ ಮುಂದೆ ಪಲ್ಲವಿಯೆಂದರೆ, ದುಬಾರಿ ಶೂ ತೊಟ್ಟ ಓರಗೆಯ ಮಕ್ಕಳಿಗೆ ಆತ ಕೊಡುವ ಎಚ್ಚರಿಕೆ: ಓಡಿ, ನನ್ನ ಗುಂಡಿಗಿಂತ ಬೇಗ ಓಡಿ. ‘ಕಿಕ್ಸ್’ ಎಂದರೆ ಅಲ್ಲಿನ ಆಡುಮಾತಿನಲ್ಲಿ ಶೂ. 1989ರಲ್ಲಿ ರೀಬಾಕ್ ಕಂಪನಿ, ನಾಲಿಗೆಯ ಮೇಲಿನ ಬ್ಯಾಸ್ಕೆಟ್‌ಬಾಲ್ ಆಕಾರದ ಉಬ್ಬನ್ನು ಅದುಮಿ ಅದುಮಿ ಒಳಗೆ ಗಾಳಿ ತುಂಬಿಸಿಕೊಳ್ಳುವ ಶೂ ಒಂದನ್ನು 170 ಡಾಲರಿಗೆ ಮಾರಾಟಕ್ಕೆ ಬಿಟ್ಟಿತ್ತು. ಅಂಥ ಶೂ ಕಾಲಿಗಿದ್ದವನು ಶಾಲೆಯ ಅರಸು, ಇಲ್ಲದವನು ಗೋಡೆಗೆ ಆತುಕೊಂಡು ನಿಂತವನು. ತಂಡದ ಆಗಿನ ಬಾಸ್ ಗಿಟಾರ್ ವಾದಕ ಕಬ್ಬಿ ಫಿಂಕ್ ಅವರ ಸೋದರ ಸಂಬಂಧಿಯೊಬ್ಬರು 1999ರ ಕೊಲಂಬೈನ್ ಶಾಲೆಯ ಗುಂಡಿನ ದಾಳಿಯಲ್ಲಿ ಬದುಕುಳಿದವರು. ಹಾಗಾಗಿ ಇದು ತಮಾಷೆಗೆ ಬರೆದ ಹಾಡಲ್ಲ, ಒಗಟಂತೂ ಅಲ್ಲವೇ ಅಲ್ಲ. ಶಾಲೆಗೆ ಹೋದ ಯಾರಿಗಾದರೂ ಅರ್ಥವಾಗುವಷ್ಟು ಸರಳವಾದ ಇಂಗ್ಲಿಷಿನಲ್ಲಿ ಅದರ ಸಾಹಿತ್ಯವಿದೆ.

ಎಡವಟ್ಟಾದದ್ದು ಸಂಗೀತದಲ್ಲಿ. ಶುರುವಿನಲ್ಲೇ ಬಾಸ್ ಗಿಟಾರ್ ಬರುತ್ತದೆ, ಉಂಡು ಎಲೆಯಡಿಕೆ ಹಾಕಿಕೊಂಡು ಅಡ್ಡಾಡಲು ಹೊರಟವನ ನಡಿಗೆಯಲ್ಲಿ. ಹುಡುಗನ ಕಥೆಯನ್ನು ಹೇಳುವ ಚರಣದಲ್ಲಿ ಧ್ವನಿಯು ಪಕ್ಕದ ಮನೆಯ ಹಳೆಯ ಟೆಲಿಫೋನಿನಿಂದ ಕೇಳಿಬಂದ ಹಾಗೆ ಮಸುಕಾಗಿರುತ್ತದೆ, ಆಮೇಲೆ ಪಲ್ಲವಿ ಬಂದದ್ದೇ ತಡ, ಕಿಟಕಿಗಳನ್ನೆಲ್ಲ ಒಮ್ಮೆಲೇ ತೆರೆದಂತೆ ಬೆಳಕೋ ಬೆಳಕು. ಇಷ್ಟೂ ಸಾಲದೆಂಬಂತೆ ಕೊನೆಯ ಭಾಗದಲ್ಲಿ ನಿಶ್ಚಿಂತೆಯ ಸಿಳ್ಳೆಯೊಂದು ಬರುತ್ತದೆ. ಮನುಷ್ಯನಿಗೆ ಸಿಳ್ಳೆ ಹಾಕುತ್ತ ಅರ್ಥವನ್ನು ಯೋಚಿಸಲು ಸಾಧ್ಯವಿಲ್ಲ, ತುಟಿ ಮತ್ತು ತಲೆ ಒಟ್ಟಿಗೆ ಕೆಲಸ ಮಾಡುವುದಿಲ್ಲ ಎಂಬುದು ಜಿಂಗಲ್ ಬರೆಯುವವರಿಗೆಲ್ಲ ಗೊತ್ತಿರುವ ಗುಟ್ಟು. ಫಾಸ್ಟರ್ ತಮ್ಮ ಕಸುಬಿನ ಆ ಗುಟ್ಟನ್ನೇ ಬಳಸಿ, ಅಮೆರಿಕ ಕೇಳಲು ಒಲ್ಲದ ವಿಷಯವೊಂದನ್ನು ಬೆಲ್ಲದೊಳಗಿಟ್ಟು ಕೊಟ್ಟರು. ಅಮೆರಿಕ ಬೆಲ್ಲವನ್ನು ಚಪ್ಪರಿಸಿ ಗುಳಿಗೆಯನ್ನು ಜಾಣತನದಿಂದ ಉಗುಳಿತು.

ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆ ನಮ್ಮಲ್ಲಿದೆ. ಅದನ್ನು ಕಟ್ಟಿದವರು ಕೋಣವು ಸುಮ್ಮನೆ ನಿಲ್ಲುತ್ತದೆ ಎಂದು ಭಾವಿಸಿದ್ದರು. ಕೋಣವೇ ಎದ್ದು ಕುಣಿದರೆ ಏನೆನ್ನಬೇಕು ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. 2011ರಲ್ಲಿ ಈ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೂರನೆಯ ಸ್ಥಾನಕ್ಕೇರಿ, 8 ವಾರಗಳ ಕಾಲ ಅಲ್ಲಿಯೇ ಠಿಕಾಣಿ ಹೂಡಿತು. ಜನ ಪಾರ್ಟಿಗಳಲ್ಲಿ ಕುಣಿದರು, ಕಾರಿನ ಕಿಟಕಿ ಇಳಿಸಿ ಜೋರಾಗಿ ಹಾಡಿದರು, ಕಾಲೇಜು ಹುಡುಗರು ಕೈಯಲ್ಲಿ ಲೋಟ ಹಿಡಿದು ಪಲ್ಲವಿಗೆ ದನಿಗೂಡಿಸಿದರು. ಬೇಸಿಗೆಯ ಹಾಡೆಂದರೆ ಹೀಗಿರಬೇಕು ಎಂದರು. ಓಡಿ ಓಡಿ ಎಂದು ಹಾಡೇ ಬೇಡಿಕೊಳ್ಳುತ್ತಿದ್ದಾಗ ನಿಂತಲ್ಲೇ ಸೊಂಟ ಬಳುಕಿಸಿದ ಮಹಾಜನ ಅವರು. ಗ್ರ್ಯಾಮಿಗೆ ನಾಮನಿರ್ದೇಶನವೂ ಬಂತು. 2012ರ ಫೆಬ್ರುವರಿಯ ಆ ಸಮಾರಂಭದಲ್ಲಿ ತಂಡವನ್ನು ವೇದಿಕೆ ಹತ್ತಿಸಿದ್ದು ಯಾರ ಜೊತೆಗೆಂದರೆ, ಕಡಲು, ಅಲೆ, ಬಿಸಿಲುಗಳನ್ನು ಅರ್ಧ ಶತಮಾನದಿಂದ ಹಾಡುತ್ತ ಬಂದ ಬೀಚ್ ಬಾಯ್ಸ್ ಜೊತೆಗೆ. ಹಾಡು ಬರೆಯುವುದಕ್ಕೋಸ್ಕರ ಕಡಲತೀರವನ್ನು ತ್ಯಾಗ ಮಾಡಿದ ಮನುಷ್ಯನನ್ನು ದೇಶವು ಸನ್ಮಾನಪೂರ್ವಕವಾಗಿ ಪುನಃ ಕಡಲತೀರಕ್ಕೇ ತಂದು ಬಿಟ್ಟಿತು.

ಹಾಡಿನ ಅರ್ಥ ಯಾರಿಗೂ ತಿಳಿಯಲೇ ಇಲ್ಲವೆಂದರೆ ಅನ್ಯಾಯವಾದೀತು. ಎಂಟಿವಿಯವರಿಗೆ ತಿಳಿದಿತ್ತು. ಅವರು ವಿಡಿಯೋ ಪ್ರಸಾರ ಮಾಡುವಾಗ ‘ಗನ್’ ಮತ್ತು ‘ಬುಲೆಟ್’ ಎಂಬ ಎರಡು ಪದಗಳನ್ನು ಪಲ್ಲವಿಯಿಂದ ಅಳಿಸಿಹಾಕಿದರು. ಇದರ ಪರಿಣಾಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಾಳ ತಪ್ಪುವುದಿಲ್ಲ, ಬಾಸ್ ನಿಲ್ಲುವುದಿಲ್ಲ, ಹಾಡುವವನ ಬಾಯಿ ತೆರೆದೇ ಇರುತ್ತದೆ, ಆದರೆ ಬಂದೂಕು ಇರಬೇಕಾದ ಜಾಗದಲ್ಲಿ ಅರ್ಧ ಮಾತ್ರೆಯಷ್ಟು ಮೌನ. ಓಡಿ, ಬೇಗ ಓಡಿ, ಯಾವುದಕ್ಕಿಂತ ಬೇಗ ಎಂಬುದನ್ನು ಕೇಳಬೇಡಿ. ಮಕ್ಕಳು ಓಡಬಹುದು, ಬೀಳಬಹುದು, ಅದಕ್ಕೆ ಅಡ್ಡಿಯಿಲ್ಲ. ಕಾರಣದ ಹೆಸರೆತ್ತಿದರೆ ಮಾತ್ರ ಅಸಭ್ಯ. ಹಿಂದೆ ಹೆಂಗಸರು ಗಂಡನ ಹೆಸರು ಹೇಳಲು ನಾಚಿ ಒಗಟು ಕಟ್ಟುತ್ತಿದ್ದರಲ್ಲ, ಅಷ್ಟೇ ಮರ್ಯಾದೆಯನ್ನು ಅಲ್ಲಿ ಬಂದೂಕಿಗೆ ಕೊಡುತ್ತಾರೆ. ಅಮೆರಿಕದ ಶಾಸನಸಭೆಗಳು ಈ ವಿಷಯದಲ್ಲಿ ವರ್ಷಾನುಗಟ್ಟಲೆ ಪಾಲಿಸಿಕೊಂಡು ಬಂದಿರುವ ನೀತಿಯನ್ನು ಒಂದು ಸಂಗೀತ ವಾಹಿನಿಯು ಎರಡು ಪದಗಳ ಅಂತರದಲ್ಲಿ ಇಷ್ಟು ಅಚ್ಚುಕಟ್ಟಾಗಿ ನಿರೂಪಿಸಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಊರಿನ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ವಯಸ್ಕರೂ ಗುಂಡಿಗೆ ಬಲಿಯಾದರು. ಕೊಂದವನ ಕೈಯಲ್ಲಿದ್ದ ಬಂದೂಕು ಅವನ ತಾಯಿ ಕಾನೂನುಬದ್ಧವಾಗಿಯೇ ಕೊಂಡು ಮನೆಯಲ್ಲಿಟ್ಟದ್ದು. ಹಾಡಿನಲ್ಲಿ ಅಪ್ಪನ ಬೀರು, ನಿಜದಲ್ಲಿ ಅಮ್ಮನ ಖರೀದಿ, ವ್ಯತ್ಯಾಸ ಅಷ್ಟೇ. ಈ ದುಃಖದ ಮುಂದೆ ತಮಾಷೆಗೆ ಜಾಗವಿಲ್ಲ. ಆದರೆ ಆಮೇಲೆ ಕೆಲವೇ ದಿನಗಳಲ್ಲಿ ದೇಶ ಕೈಗೊಂಡ ಕ್ರಮವು ವಿಡಂಬನೆ ಬರೆಯುವವನ ಕೆಲಸವನ್ನು ತಾನೇ ಮಾಡಿ ಮುಗಿಸಿತು: ಅನೇಕ ರೇಡಿಯೋ ನಿಲಯಗಳು ‘ಪಂಪ್ಡ್ ಅಪ್ ಕಿಕ್ಸ್’ ಹಾಡನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಮ್ಮೆಯಾದರೂ ಕೊಟ್ಟಿಗೆಯದೇ ಪ್ರಾಣಿ ಎನ್ನಬಹುದಿತ್ತು. ಜೊತೆಯಲ್ಲೇ ಕೇಶಾ ಎಂಬ ಗಾಯಕಿಯ ‘ಡೈ ಯಂಗ್’ ಎಂಬ ಹಾಡಿಗೂ ಬರೆ ಬಿತ್ತು. ಅದರಲ್ಲಿ ಬಂದೂಕೂ ಇಲ್ಲ, ಶಾಲೆಯೂ ಇಲ್ಲ, ಈ ರಾತ್ರಿಯೇ ಕೊನೆಯೆಂಬಂತೆ ಕುಣಿಯೋಣ ಎಂಬ ಮಾಮೂಲು ಮೋಜಿನ ಕರೆಯಿದೆ. ಆದರೆ ಹೆಸರಿನಲ್ಲಿ ‘ಡೈ’ ಇತ್ತು. ಎರಡು ವರ್ಷ ಒಂದು ಪದವನ್ನೂ ಕೇಳಿಸಿಕೊಳ್ಳದಿದ್ದ ಕಿವಿಗಳಿಗೆ ಒಂದೇ ವಾರದಲ್ಲಿ ಎಲ್ಲ ಪದಗಳೂ, ಇಲ್ಲದ ಅರ್ಥಗಳೂ ಕೇಳಿಸತೊಡಗಿದವು.

ಆ ವಾರ ಹಾಡಿನ ಮೇಲೆ ಮೊಕದ್ದಮೆಯೇ ನಡೆದಿದ್ದರೆ ಹೇಗಿರುತ್ತಿತ್ತು ಎಂದು ನಾನು ಕಲ್ಪಿಸಿಕೊಂಡಿದ್ದೇನೆ. ಆರೋಪಿಯ ವಯಸ್ಸು ಎರಡು ವರ್ಷ, ಉದ್ದ ಸುಮಾರು ನಾಲ್ಕು ನಿಮಿಷ, ಖಾಯಂ ವಿಳಾಸ ಇಡೀ ದೇಶದ ಬಾಯಿ. ಮೊದಲನೆಯ ಆರೋಪ, ಮಗುವಿನ ಕೈಗೆ ಮನೆಯಲ್ಲೇ ಬಂದೂಕು ಸಿಗುತ್ತದೆ ಎಂದು ಘಟನೆಗೆ ಮುಂಚಿತವಾಗಿ ಹೇಳಿದ್ದು. ಎರಡನೆಯದು, ಹೇಳುವಾಗ ರಾಗ ಚೆನ್ನಾಗಿದ್ದುದು. ಮೂರನೆಯದು, ಸಿಳ್ಳೆ. ಬಾಸ್ ಗಿಟಾರ್ ಸಾಕ್ಷಿಕಟ್ಟೆಗೆ ಬಂದು, ತನಗೆ ಸಾಹಿತ್ಯದ ವಿಚಾರ ಗೊತ್ತೇ ಇರಲಿಲ್ಲವೆಂದು ಅಳುತ್ತದೆ. ಕುಣಿದ ಜನರನ್ನು ಸಾಕ್ಷಿಗಳೆಂದು ಕರೆಸಿದರೆ ಅವರ ಹೇಳಿಕೆಯೂ ಅಕ್ಷರಶಃ ಅದೇ. ಆಗ ಹಿಂದಿನ ಬೆಂಚಿನಿಂದ ಯಾರೋ ಎದ್ದುನಿಂತು, ಬಂದೂಕನ್ನು ತಯಾರಿಸಿದವರನ್ನೂ ಆರೋಪಿಗಳ ಪಟ್ಟಿಗೆ ಸೇರಿಸಬಾರದೇ ಎಂದು ಕೇಳುತ್ತಾರೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ಅವರನ್ನು ಕನಿಕರದಿಂದ ನೋಡಿ, 2005ರ ಕಾಯಿದೆಯ ಪ್ರತಿಯನ್ನು ಕೈಗಿಡುತ್ತಾರೆ. ಕಲ್ಪನೆ ಇಲ್ಲಿಗೆ ಮುಗಿಯಿತು, ಏಕೆಂದರೆ ಆ ಕಾಯಿದೆ ನಿಜ. ತಾವು ಮಾರಿದ ಬಂದೂಕಿನಿಂದ ಬೇರೊಬ್ಬ ಅಪರಾಧ ಎಸಗಿದರೆ ಅದಕ್ಕಾಗಿ ತಯಾರಕರ ಮೇಲೂ ಮಾರಾಟಗಾರರ ಮೇಲೂ ಸಾಮಾನ್ಯವಾಗಿ ಪರಿಹಾರದ ದಾವೆ ಹೂಡದಂತೆ ಅದು ರಕ್ಷಣೆ ಕೊಡುತ್ತದೆ. ಹಾಡು ಕಟ್ಟುವವರಿಗೆ ಅಂಥ ಕಾಯಿದೆಯೊಂದನ್ನು ಮಾಡಿಸಿಕೊಳ್ಳುವಷ್ಟು ಶಿಸ್ತು ಇನ್ನೂ ಬಂದಿಲ್ಲ.

ಹಾಡುಗಳನ್ನು ಹಿಡಿದು ಒಳಗೆ ಹಾಕುವ ವಿದ್ಯೆಯಲ್ಲಿ ಅಮೆರಿಕದ ರೇಡಿಯೋಗೆ ಪೂರ್ವಾನುಭವವಿದೆ ಎಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಸಾವಿರಕ್ಕೂ ಹೆಚ್ಚು ನಿಲಯಗಳ ಒಡೆತನವಿದ್ದ ಕ್ಲಿಯರ್ ಚಾನೆಲ್ ಕಂಪನಿಯೊಳಗೆ, ಸದ್ಯಕ್ಕೆ ಹಾಕದಿದ್ದರೆ ಒಳ್ಳೆಯದು ಎಂಬ 150ಕ್ಕೂ ಹೆಚ್ಚು ಹಾಡುಗಳ ಪಟ್ಟಿಯೊಂದು ಓಡಾಡಿತು. ಯುದ್ಧವಿಲ್ಲದ ಲೋಕವನ್ನು ಕಲ್ಪಿಸಿಕೊಳ್ಳಿ ಎಂದ ಜಾನ್ ಲೆನನ್ ಅವರ ‘ಇಮ್ಯಾಜಿನ್’ ಅದರಲ್ಲಿತ್ತು. ಈ ಜಗತ್ತು ಎಷ್ಟು ಚೆಂದ ಎಂದ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಾಡೂ ಇತ್ತು. ಶಾಂತಿಯೂ ಸೌಂದರ್ಯವೂ ಸಂಶಯಾಸ್ಪದವಾಗಿದ್ದ ಮೇಲೆ ಪಾಪದ ರಾಬರ್ಟ್ ಯಾವ ಲೆಕ್ಕ.

ಡಿಸೆಂಬರಿನ ಉಳಿದ ದಿನಗಳಲ್ಲಿ ಏನಾಯಿತೆಂದರೆ, ಘಟನೆಯಾದ ಒಂದು ವಾರಕ್ಕೆ ಬಂದೂಕಿನ ಹಕ್ಕಿಗಾಗಿ ವಕಾಲತ್ತು ವಹಿಸುವ ರಾಷ್ಟ್ರೀಯ ರೈಫಲ್ ಸಂಘದ ಆಗಿನ ಮುಂದಾಳು ವೇಯ್ನ್ ಲಾಪಿಯರ್ ಪತ್ರಿಕಾಗೋಷ್ಠಿ ಕರೆದು, ವಿಡಿಯೋ ಗೇಮ್‌ಗಳು, ಸಿನಿಮಾಗಳು, ಸಂಗೀತದ ವಿಡಿಯೋಗಳು ಇವುಗಳನ್ನು ಸಾಲಾಗಿ ನಿಲ್ಲಿಸಿ ಬೈದರು. ಬಂದೂಕು ಹಿಡಿದ ಕೆಟ್ಟವನನ್ನು ತಡೆಯುವುದು ಬಂದೂಕು ಹಿಡಿದ ಒಳ್ಳೆಯವನು ಮಾತ್ರ ಎಂಬ ತಮ್ಮ ಸೂತ್ರವನ್ನು ಮಂಡಿಸಿ, ಪ್ರತಿ ಶಾಲೆಗೂ ಸಶಸ್ತ್ರ ಕಾವಲು ಬೇಕೆಂದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬುದು ನಮಗೂ ಗೊತ್ತಿರುವ ಮಾತೇ. ಆದರೆ ಮುಳ್ಳು ಮಾರುವವರ ಪರವಾಗಿ ಮಾತಾಡುವವರು ಅದನ್ನು ಹೇಳಿದಾಗ ಅದಕ್ಕೆ ಬೇರೆಯೇ ಒಂದು ಕಳೆ ಬರುತ್ತದೆ. ಆ ಸೂತ್ರವನ್ನು ಅವರು ಸಂಗೀತಕ್ಕೂ ಅನ್ವಯಿಸಿ, ಕೆಟ್ಟ ಹಾಡನ್ನು ತಡೆಯಲು ಒಳ್ಳೆಯ ಹಾಡೇ ಬೇಕು ಎಂದಿದ್ದರೆ ಫಾಸ್ಟರ್ ಅವರ ತಂಡಕ್ಕೆ ಇನ್ನೊಂದು ಅವಕಾಶವಾದರೂ ಸಿಗುತ್ತಿತ್ತು. ಅದೇ ತಿಂಗಳು ಎಫ್‌ಬಿಐ ನಡೆಸುವ ವ್ಯವಸ್ಥೆಗೆ ಬಂದೂಕು ಸಂಬಂಧಿ ಪೂರ್ವಾಪರ ತಪಾಸಣೆಯ ಕೋರಿಕೆಗಳು 27 ಲಕ್ಷಕ್ಕೂ ಮೀರಿ ಬಂದವು. ಅಲ್ಲಿಯವರೆಗಿನ ಯಾವ ತಿಂಗಳಲ್ಲೂ ಅಷ್ಟು ಬಂದಿರಲಿಲ್ಲ. ಎಲ್ಲಿ ಕಾನೂನು ಬಿಗಿಯಾಗಿಬಿಡುತ್ತದೋ ಎಂಬ ಆತಂಕದಲ್ಲಿ ಜನ ಅಂಗಡಿಗೆ ಓಡಿದರು. ಹೀಗೆ ಹಾಡು ಗಾಳಿಯಿಂದ ಮಾಯವಾದ ಹೊತ್ತಿಗೆ ಸರಿಯಾಗಿ ಬಂದೂಕುಗಳೂ ಅಂಗಡಿಯ ಕಪಾಟುಗಳಿಂದ ಮಾಯವಾದವು, ಆದರೆ ಮನೆಯ ಬೀರುಗಳ ಕಡೆಗೆ.

ಕಾನೂನು ಬಿಗಿಯಾಗುವ ಭಯ ಅನಾವಶ್ಯಕವಾಗಿತ್ತು. ಬಂದೂಕಿನ ಮೇಳಗಳಲ್ಲೂ ಇಂಟರ್ನೆಟ್ಟಿನ ಮೂಲಕವೂ ನಡೆಯುವ ಮಾರಾಟಕ್ಕೆ ತಪಾಸಣೆಯನ್ನು ವಿಸ್ತರಿಸಬೇಕೆಂಬ ತಿದ್ದುಪಡಿ 2013ರ ಏಪ್ರಿಲ್ 17ರಂದು ಸೆನೆಟ್ಟಿನಲ್ಲಿ ಮತಕ್ಕೆ ಬಂದಾಗ ಪರವಾಗಿ 54, ವಿರುದ್ಧವಾಗಿ 46 ಮತಗಳು ಬಿದ್ದವು. ಬೇಕಾಗಿದ್ದದ್ದು 60, ಆದ್ದರಿಂದ 54 ಸೋತಿತು. ಜನಪ್ರಿಯತೆಯ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಬಂದದ್ದು ದಿಗ್ವಿಜಯವಾಗುವ ಮತ್ತು ಸೆನೆಟ್ಟಿನಲ್ಲಿ ಮೊದಲನೆಯ ಸ್ಥಾನಕ್ಕೆ ಬಂದದ್ದು ಸೋಲಾಗುವ ಈ ಗಣಿತವನ್ನು ಅಲ್ಲಿನ ಮಕ್ಕಳಿಗೆ ಶಾಲೆಯಲ್ಲಿ ಹೇಗೆ ವಿವರಿಸುತ್ತಾರೋ ಕಾಣೆ. ಹಾಡನ್ನು ತೆಗೆಯಲು ಒಂದು ವಾರವೂ ಬೇಕಾಗಿರಲಿಲ್ಲ, ಮತದಾನವಂತೂ ಬೇಕಾಗಿರಲೇ ಇಲ್ಲ. ಒಬ್ಬ ಕಾರ್ಯಕ್ರಮ ನಿರ್ವಾಹಕ, ಒಂದು ಕಂಪ್ಯೂಟರ್, ಒಂದು ಬೆರಳು ಸಾಕಾಗಿತ್ತು.

ಕೊನೆಗೂ ಬಂದೂಕಿನ ಕಂಪನಿಯೊಂದು ಕೈಗೆ ಸಿಕ್ಕಿಬಿದ್ದದ್ದು ಯಾವ ದಾರಿಯಲ್ಲಿ ಎಂಬುದು ಈ ಕಥೆಯಲ್ಲಿ ನನಗೆ ಬಹಳ ಪ್ರಿಯವಾದ ಭಾಗ. 2022ರ ಫೆಬ್ರುವರಿಯಲ್ಲಿ ರೆಮಿಂಗ್ಟನ್ ಕಂಪನಿಯ ವಿರುದ್ಧದ ದಾವೆಯು ಸ್ಯಾಂಡಿ ಹುಕ್‌ನ 9 ಕುಟುಂಬಗಳಿಗೆ 7.3 ಕೋಟಿ ಡಾಲರ್ ಪರಿಹಾರದೊಂದಿಗೆ ರಾಜಿಯಾಯಿತು. 2005ರ ಕಾಯಿದೆಯ ಕೋಟೆಯನ್ನು ಭೇದಿಸಲು ವಕೀಲರು ಬಳಸಿದ ಕಿಂಡಿಯೆಂದರೆ ಕನೆಕ್ಟಿಕಟ್ ರಾಜ್ಯದ ವ್ಯಾಪಾರನೀತಿಯ ಕಾನೂನು. ಬಂದೂಕನ್ನು ಮಾರಿದ್ದಲ್ಲ, ಅದಕ್ಕೆ ಜಾಹೀರಾತು ಮಾಡಿದ ರೀತಿ ತಪ್ಪು ಎಂಬುದು ಅವರ ವಾದ. ಅಂದರೆ ಜಾಹೀರಾತಿನ ಜಿಂಗಲ್ ಬರೆಯುತ್ತಿದ್ದವನೊಬ್ಬ ಕೆಲಸದ ನಡುವೆ ಬರೆದ ಹಾಡಿಗೆ ಒಂದು ವಾರದಲ್ಲಿ ಶಿಕ್ಷೆಯಾಯಿತು, ಬಂದೂಕಿನ ಜಾಹೀರಾತಿಗೆ ಹಣ ಕಕ್ಕುವ ಗತಿ ಬರಲು ಒಂಬತ್ತು ವರ್ಷ ಹಿಡಿಯಿತು.

ಇಷ್ಟರಲ್ಲಿ ಫಾಸ್ಟರ್ ಅವರಿಗೇ ಹಾಡಿನ ಬಗ್ಗೆ ಕಸಿವಿಸಿ ಶುರುವಾಗಿತ್ತು. 2012ರಲ್ಲಿ ರೇಡಿಯೋದವರು ತಮ್ಮ ಹಾಡನ್ನು ತೆಗೆದಾಗ ಜಗಳಕ್ಕೆ ನಿಲ್ಲದೆ, ಅವರ ನಿರ್ಧಾರವನ್ನು ಗೌರವಿಸುತ್ತೇನೆ, ಇದರಿಂದ ಮಾತುಕತೆ ಹುಟ್ಟಿದರೆ ಒಳ್ಳೆಯದೇ ಎಂಬರ್ಥದ ಮಾತನ್ನಾಡಿದ್ದವರು, 2019ರ ಹೊತ್ತಿಗೆ ಅದಕ್ಕೆ ನಿವೃತ್ತಿ ಕೊಡುವ ಯೋಚನೆಯಲ್ಲಿದ್ದೇನೆ ಎಂದರು. ಶಾಲೆಗಳಲ್ಲಿ ಗುಂಡಿನ ದಾಳಿಗಳು ನಿಲ್ಲುತ್ತಲೇ ಇಲ್ಲ, ನೊಂದವರ ಗಾಯವನ್ನು ಹಾಡು ಮತ್ತೆ ಕೆದಕುತ್ತದೆ ಎಂಬುದು ಅವರ ಅಳಲು. ಒಂಬತ್ತು ವರ್ಷ ಪ್ರಾಯದ ಹಾಡಿಗೆ ಪಿಂಚಣಿಯ ಮಾತು, ಅದು ಹೇಳಿದ್ದ ಸಂಗತಿಗೆ ಮಾತ್ರ ನಿತ್ಯಯೌವನ.

ಅದೇ 2019ರ ಸೆಪ್ಟೆಂಬರಿನಲ್ಲಿ, ಸ್ಯಾಂಡಿ ಹುಕ್‌ನಲ್ಲಿ ಮಕ್ಕಳನ್ನು ಕಳೆದುಕೊಂಡ ಕುಟುಂಬಗಳು ಕಟ್ಟಿದ ‘ಸ್ಯಾಂಡಿ ಹುಕ್ ಪ್ರಾಮಿಸ್’ ಸಂಸ್ಥೆಯು, ಶಾಲೆ ಶುರುವಾಗುವ ಕಾಲದ ಜಾಹೀರಾತುಗಳ ಧಾಟಿಯಲ್ಲೇ ಒಂದು ಕಿರುಚಿತ್ರವನ್ನು ಹೊರತಂದಿತು. ಮಕ್ಕಳು ಒಬ್ಬೊಬ್ಬರಾಗಿ ಹೊಸ ಬ್ಯಾಗು, ಹೊಸ ಫೈಲುಗಳನ್ನು ತೋರಿಸುತ್ತ ನಗುತ್ತಾರೆ. ಒಬ್ಬ ಹುಡುಗ ತನ್ನ ಹೊಸ ಶೂಗಳನ್ನು ಹೊಗಳುತ್ತ ಶಾಲೆಯ ಓಣಿಯಲ್ಲಿ ಓಡುತ್ತಾನೆ. ಅವನ ಬೆನ್ನ ಹಿಂದೆ ಗುಂಡಿನ ಸದ್ದು, ಚೀರಾಟ. ಹಾಡಿನ ಪಲ್ಲವಿಯಲ್ಲಿದ್ದ ಶೂ, ಎಂಟಿವಿ ಅಳಿಸಿದ್ದ ಪದ, ಎರಡೂ ಕೊನೆಗೆ ಒಂದೇ ಚೌಕಟ್ಟಿನೊಳಗೆ ಸೇರಿದ್ದವು. ಈ ಸಲ ಯಾರೂ ಕುಣಿಯಲಿಲ್ಲ.

ಮೂಲ ಹಾಡಿಗೆ ನಿಜವಾದ ಉತ್ತರಾಧಿಕಾರಿ ಮಾತ್ರ ಅದಕ್ಕೂ ಒಂದು ವರ್ಷ ಮುಂಚೆಯೇ ಹುಟ್ಟಿತ್ತು. 2018ರಲ್ಲಿ ಬಾಸ್ಟನ್ ಪಕ್ಕದ ಸಾಮರ್‌ವಿಲ್‌ನ ಶಿಶುವಿಹಾರವೊಂದರ ತರಗತಿಯಲ್ಲಿ ಬಣ್ಣದ ಅಕ್ಷರಗಳಲ್ಲಿ ಬರೆದಿದ್ದ ಶಿಶುಗೀತೆಯ ಚಿತ್ರ ದೇಶವನ್ನೆಲ್ಲ ಸುತ್ತಿತು. ‘ಟ್ವಿಂಕಲ್ ಟ್ವಿಂಕಲ್’ ಧಾಟಿಯಲ್ಲಿ ಹಾಡಬೇಕಾದ ಆ ಗೀತೆಯು, ಶಾಲೆಗೆ ಬಂದೂಕುಧಾರಿ ನುಗ್ಗಿದರೆ ಏನು ಮಾಡಬೇಕೆಂಬುದನ್ನು ಐದಾರು ವರ್ಷದ ಮಕ್ಕಳಿಗೆ ಕಲಿಸುತ್ತದೆ: ಬಾಗಿಲಿಗೆ ಬೀಗ ಹಾಕು, ದೀಪ ಆರಿಸು, ಮಾತು ನಿಲ್ಲಿಸು, ಮೇಜಿನ ಹಿಂದೆ ಅಡಗಿ ಕೂರು, ಎಲ್ಲ ಮುಗಿದ ಮೇಲೆ, ಇನ್ನು ಮೋಜಿನ ಸಮಯ. ಇಂಪಾದ ರಾಗವಿದೆ, ಸುಲಭವಾದ ತಾಳವಿದೆ, ಮಸುಕು ಮಾಡದೆ ಬರೆದ ಪದಗಳಿವೆ, ಕೇಳುಗರು ಒಂದಕ್ಷರವನ್ನೂ ಬಿಡದೆ ಬಾಯಿಪಾಠ ಮಾಡಿಕೊಂಡಿದ್ದಾರೆ. ಸಿಳ್ಳೆಯೊಂದಿಲ್ಲ, ಏಕೆಂದರೆ ದೀಪ ಆರಿಸಿದ ಮೇಲೆ ಸದ್ದು ಮಾಡುವಂತಿಲ್ಲ.